ವೋಲ್ಟೇಜ್ ಏರಿದರೆ ಬಲ್ಬು, ಇಳಿದರೆ ಮೋಟರು

ನಮ್ಮ ಮನೆ ಇರುವುದು ತೋಟದ ತಳದಲ್ಲಿ. ಡಾಮರು ರಸ್ತೆಯ ಬದಿಯ ಟ್ರಾನ್ಸ್‌ಫಾರ್ಮರಿನಿಂದ ಹೊರಟ ವಿದ್ಯುತ್ ಲೈನು ಗುಡ್ಡೆ ಇಳಿದು, ಗದ್ದೆ ದಾಟಿ, ಹತ್ತು ಹನ್ನೆರಡು ಕಂಬಗಳ ಮೇಲೆ ಸಾಗಿ ನಮ್ಮಲ್ಲಿಗೆ ಬರುತ್ತದೆ. ಅಲ್ಲಿಗೆ ಲೈನು ಮುಗಿಯಿತು. ಕೊನೆಯ ಕಂಬ ನಮ್ಮದು. ಮೊದಲ ಕಂಬದ ಬುಡದಲ್ಲಿ ನೆರೆಯ ಹಿರಿಯರೊಬ್ಬರ ಮನೆಯಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ, ಎಲ್ಲರ ಮನೆಯಲ್ಲೂ ಇನ್ನೂ ತಂತಿಯ ಬಲ್ಬು ಉರಿಯುತ್ತಿದ್ದ ಕಾಲದಲ್ಲಿ, ಅವರು ಒಂದು ಸಂಜೆ ಬಸ್ಸು ಕಾಯುತ್ತ ನಮ್ಮೊಡನೆ ಹೀಗೆ ದೂರಿಕೊಂಡರು:

"ಮಾಷ್ಟ್ರೆ, ಈಗಿನ ಬಲ್ಬುಗಳಲ್ಲಿ ಏನೂ ಸತ್ವ ಇಲ್ಲ. ಅಂಗಳದ ಬಲ್ಬು ಒಂದೂವರೆ ತಿಂಗಳು ಬಾಳಿದರೆ ಹೆಚ್ಚು."

ನಮಗೆ ಆಶ್ಚರ್ಯವಾಯಿತು. "ನಮ್ಮಲ್ಲಿ ಅಡುಗೆಮನೆಯ ಬಲ್ಬು ಹಾಕಿ ವರ್ಷ ದಾಟಿತು ಅಣ್ಣಾ. ನಮ್ಮ ಕಷ್ಟ ಬೇರೆಯೇ. ಎರಡು ಬೇಸಗೆಯಲ್ಲಿ ಎರಡು ಸಲ ಪಂಪಿನ ಮೋಟರು ಸುಟ್ಟಿತು."

"ನಮ್ಮ ಪಂಪಿಗೆ ಇಪ್ಪತ್ತು ವರ್ಷ. ಇನ್ನೂ ಏನೂ ಆಗಿಲ್ಲ," ಎಂದರು ಅವರು.

ಒಂದೇ ಲೈನು, ಒಂದೇ ಕರೆಂಟು, ಒಂದೇ ಅಂಗಡಿಯ ಸಾಮಾನು. ಮೇಲಿನ ಮನೆಯಲ್ಲಿ ಬಲ್ಬು ಸಾಯುತ್ತದೆ, ಪಂಪು ಬದುಕುತ್ತದೆ. ಕೆಳಗಿನ ಮನೆಯಲ್ಲಿ ಬಲ್ಬು ಬದುಕುತ್ತದೆ, ಪಂಪು ಸಾಯುತ್ತದೆ. ಬಸ್ಸು ಬಂದುದರಿಂದ ಮಾತು ಅಲ್ಲಿಗೆ ನಿಂತಿತು. ಆದರೆ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುವ ನಮ್ಮ ಮನಸ್ಸಿನಲ್ಲಿ ಅದು ನಿಲ್ಲಲಿಲ್ಲ. ಅಂದು ಹೊಳೆದ ಸಂಗತಿಯನ್ನು, ಬಳಿಕ ಅನುಭವದಿಂದ ಕಲಿತ ಕೆಲವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಮನೆಯ ನಾಲ್ಕು ಕಾಸು ಉಳಿಯುವ ವಿಚಾರವಾದುದರಿಂದ ಸ್ವಲ್ಪ ಲೆಕ್ಕ ಬಂದರೂ ಓದುಗರು ಬೇಸರಿಸಲಾರರೆಂದು ನಂಬಿದ್ದೇವೆ.

ಸ್ಪ್ರಿಂಕ್ಲರಿನ ಕೊನೆಯ ಜೆಟ್

ಪಾಠಪುಸ್ತಕದಲ್ಲಿ ವಿಭವಾಂತರ ಎಂದು ಬರೆದಿರುವುದನ್ನೇ ನಾವೆಲ್ಲ ಮನೆಯಲ್ಲಿ ವೋಲ್ಟೇಜ್ ಎನ್ನುತ್ತೇವೆ. ಅದನ್ನು ಅರ್ಥಮಾಡಿಕೊಳ್ಳಲು ಅಡಕೆ ತೋಟದ ಸ್ಪ್ರಿಂಕ್ಲರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪಂಪಿನ ಹತ್ತಿರದ ಜೆಟ್ ರಭಸದಿಂದ ಚಿಮ್ಮುತ್ತದೆ. ಪೈಪಿನ ಕೊನೆಯ ಜೆಟ್ ಸೊರಗುತ್ತದೆ. ನೀರು ಪೈಪಿನಲ್ಲಿ ಉಜ್ಜಿಕೊಂಡು ಹೋಗುವಾಗ ಒತ್ತಡ ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಪೈಪು ಸಣ್ಣದಾದಷ್ಟೂ, ಉದ್ದವಾದಷ್ಟೂ, ಒಮ್ಮೆಗೆ ತೆರೆದ ಜೆಟ್‌ಗಳು ಹೆಚ್ಚಿದಷ್ಟೂ ಕೊನೆಯ ಜೆಟ್‌ನ ಪಾಡು ಕಷ್ಟ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಕತೆಯೂ ಇದೇ. ಸಂಜೆ ಆರೂವರೆಯಿಂದ ಹತ್ತರ ತನಕ ಎಲ್ಲರ ಮನೆಯಲ್ಲೂ ದೀಪ, ಫ್ಯಾನು, ಮಿಕ್ಸಿ, ಟಿವಿ ಒಟ್ಟಿಗೇ ನಡೆಯುವಾಗ ಕೊನೆಯ ಕಂಬದ ಮನೆಗೆ ಒತ್ತಡ ತಲಪುವುದಿಲ್ಲ.

ಇನ್ನೊಂದು ಮುಖವೂ ಇದೆ. ಕೊನೆಯ ಮನೆಗೂ ಸ್ವಲ್ಪ ತಲಪಲಿ ಎಂದು ಟ್ರಾನ್ಸ್‌ಫಾರ್ಮರಿನ ಬಳಿ ವೋಲ್ಟೇಜನ್ನು ತುಸು ಏರಿಸಿಯೇ ಇಟ್ಟಿರುತ್ತಾರೆ. ನಡುರಾತ್ರಿ ಊರು ಮಲಗಿದ ಮೇಲೆ ಉಪಯೋಗ ಇಳಿಯುತ್ತದೆ; ಹತ್ತಿರದ ಮನೆಗೆ ಆ ಏರಿದ ವೋಲ್ಟೇಜು ಹಾಗೆಯೇ ನುಗ್ಗುತ್ತದೆ. ನೆರೆಯವರ ಅಂಗಳದ ಬಲ್ಬು ಉರಿಯುತ್ತಿದ್ದುದು ಸರಿಯಾಗಿ ಆ ಹೊತ್ತಿನಲ್ಲಿ, ಇಡೀ ರಾತ್ರಿ.

ನಮ್ಮ ದೇಶದ ಮನೆಗಳಿಗೆ ಬರಬೇಕಾದುದು 230 ವೋಲ್ಟ್. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಮನೆಬಳಕೆಯ ವೋಲ್ಟೇಜು ಘೋಷಿಸಿದ ಮಟ್ಟದಿಂದ ಶೇಕಡಾ 6ಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಎಂದು ಹೇಳಿತ್ತು. ಅಂದರೆ 216ರಿಂದ 244ರ ಒಳಗೆ. ಕಾಗದದ ಮೇಲೆ ಈ ಲೆಕ್ಕ ಚಂದ. ಗುಡ್ಡೆ ಇಳಿದು ಬರುವ ಲೈನಿನ ತುದಿಯಲ್ಲಿ ಸಂಜೆ ಏಳು ಗಂಟೆಗೆ ಮೀಟರು ಹಿಡಿದು ನೋಡಿದವರಿಗೆ ಸತ್ಯ ಗೊತ್ತು.

ಬಲ್ಬಿನ ಆಯುಸ್ಸು

ತಂತಿಯ ಬಲ್ಬಿನೊಳಗೆ ಇರುವುದು ಕೂದಲಿಗಿಂತ ಸಪೂರವಾದ ಟಂಗ್‌ಸ್ಟನ್ ಸುರುಳಿ. ಉರಿಯುವಾಗ ಅದರ ಉಷ್ಣತೆ ಸುಮಾರು 2500 ಡಿಗ್ರಿ ಸೆಲ್ಸಿಯಸ್. ಟಂಗ್‌ಸ್ಟನ್ ಕರಗಬೇಕಾದರೆ 3400 ಡಿಗ್ರಿ ದಾಟಬೇಕು, ಆದುದರಿಂದ ತಂತಿ ಕರಗುವುದಿಲ್ಲ. ಆದರೆ ಅಂಗಳದಲ್ಲಿ ಒಣಹಾಕಿದ ಬಟ್ಟೆಯ ನೀರು ಕುದಿಯದೆಯೇ ಆರುವ ಹಾಗೆ, ಆ ತಂತಿಯೂ ಕರಗದೆಯೇ ಕಣಕಣವಾಗಿ ಆವಿಯಾಗುತ್ತದೆ. ಹಳೆಯ ಬಲ್ಬಿನ ಗಾಜಿನ ಒಳಗೆ ಕಾಣುವ ಕಪ್ಪು ಮಸಿ ಆ ಕಣಗಳದ್ದೇ. ಎಲ್ಲಿ ತಂತಿ ಸವೆದು ತೆಳುವಾಯಿತೋ ಅಲ್ಲಿ ಬಿಸಿ ಇನ್ನೂ ಹೆಚ್ಚು; ಬಿಸಿ ಹೆಚ್ಚಿದಲ್ಲಿ ಸವೆತ ಇನ್ನೂ ಹೆಚ್ಚು. ಕೊನೆಗೊಂದು ದಿನ ಅಲ್ಲೇ ಕಡಿಯುತ್ತದೆ.

ಬಲ್ಬು ಹೋಗುವುದು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಏಕೆ ಎಂದು ಮಕ್ಕಳು ಕೇಳುವುದುಂಟು. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ಪ್ರತಿರೋಧ, ಕಾದಾಗಿನದಕ್ಕಿಂತ ಹತ್ತು ಹದಿನೈದು ಪಾಲು ಕಡಿಮೆ. ಸ್ವಿಚ್ ಹಾಕಿದ ಆ ಒಂದು ನಿಮಿಷಾರ್ಧಕ್ಕೂ ಎಷ್ಟೋ ಕಡಿಮೆಯ ಅವಧಿಯಲ್ಲಿ ಹತ್ತು ಪಟ್ಟಿಗೂ ಮಿಕ್ಕಿದ ಪ್ರವಾಹ ಒಮ್ಮೆಲೇ ನುಗ್ಗುತ್ತದೆ. ಸವೆದ ತಂತಿಗೆ ಆ ಪೆಟ್ಟು ತಾಳುವುದಿಲ್ಲ.

ಈಗ ವೋಲ್ಟೇಜಿನ ಮಾತಿಗೆ ಬರೋಣ. ಬಲ್ಬಿನ ಆಯುಸ್ಸು ವೋಲ್ಟೇಜಿನ ಏರಿಳಿತಕ್ಕೆ ಹೆದರುವಷ್ಟು ಮನೆಯ ಬೇರೆ ಯಾವ ವಸ್ತುವೂ ಹೆದರುವುದಿಲ್ಲ. ಸಾಮಾನ್ಯ ಬಲ್ಬಿಗೆ 1000 ಗಂಟೆಗಳ ಬಾಳ್ವೆ ಎಂದು ಲೆಕ್ಕ. ವೋಲ್ಟೇಜು ಶೇಕಡಾ 5 ಏರಿದರೆ ಆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಶೇಕಡಾ 10 ಏರಿದರೆ ಕಾಲು ಭಾಗಕ್ಕೆ. ಶೇಕಡಾ 5 ಇಳಿದರೆ ಇಮ್ಮಡಿಯಾಗುತ್ತದೆ, ಶೇಕಡಾ 10 ಇಳಿದರೆ ನಾಲ್ಕು ಪಟ್ಟು.

ನೆರೆಯವರ ಮನೆಗೆ ಇದನ್ನು ಅನ್ವಯಿಸಿ ನೋಡಿ. ರಾತ್ರಿ 242 ವೋಲ್ಟ್ ಬಂದರೆ ಬಲ್ಬಿಗೆ 500 ಗಂಟೆ. ದಿನಕ್ಕೆ 12 ಗಂಟೆ ಉರಿದರೆ 42 ದಿನ. ಅವರು ಹೇಳಿದ ಒಂದೂವರೆ ತಿಂಗಳು! ನಮ್ಮ ಅಡುಗೆಮನೆಯಲ್ಲಿ 218 ವೋಲ್ಟ್, ದಿನಕ್ಕೆ ನಾಲ್ಕು ಗಂಟೆ. 2000 ಗಂಟೆಯ ಆಯುಸ್ಸು 500 ದಿನಕ್ಕೆ ಬಂತು. ಬಲ್ಬಿನ ಸತ್ವ ಎರಡು ಮನೆಯಲ್ಲೂ ಒಂದೇ ಆಗಿತ್ತು.

ಹಾಗಾದರೆ ಕಡಿಮೆ ವೋಲ್ಟೇಜು ಲಾಭವೇ? ಅಲ್ಲ. ಶೇಕಡಾ 5 ಇಳಿದಾಗ ಬಲ್ಬಿನ ಬೆಳಕು ಶೇಕಡಾ 16ರಷ್ಟು ಕುಗ್ಗುತ್ತದೆ, ಆದರೆ ಅದು ತಿನ್ನುವ ವಿದ್ಯುತ್ತು ಇಳಿಯುವುದು ಶೇಕಡಾ 8 ಮಾತ್ರ. ಕೊಟ್ಟ ಹಣಕ್ಕೆ ಬೆಳಕು ಕಡಿಮೆ. ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಒಂದು ಬಲ್ಬು ಲೋಕಪ್ರಸಿದ್ಧವಾಗಿದೆ. ಆದರೆ ಅದು ಈಗ ಉರಿಯುವುದು ಸುಮಾರು 4 ವಾಟ್‌ನಲ್ಲಿ, ಕೆಂಪು ಕೆಂಡದ ಹಾಗೆ. ದುಡಿಯದೆ ಕುಳಿತವನಿಗೆ ದೀರ್ಘಾಯುಸ್ಸು ಬಂದರೆ ಮನೆಯವರಿಗೇನು ಸುಖ? ಅದರ ಕೆಳಗೆ ಕುಳಿತು ನಮ್ಮ ಮಕ್ಕಳು ಪಾಠ ಓದಲಾರರು.

ಮೋಟರಿನ ಸಂಕಟ

ಬಲ್ಬು ವೋಲ್ಟೇಜು ಇಳಿದಾಗ ತಾನೂ ತಗ್ಗಿ ಕುಳಿತುಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಹಾಗೆಯೇ. 1000 ವಾಟ್‌ನ ಇಸ್ತ್ರಿ 180 ವೋಲ್ಟಿನಲ್ಲಿ ಸುಮಾರು 610 ವಾಟ್ ಮಾತ್ರ ಆಗುತ್ತದೆ. ಅಂಗಿಯ ಸುಕ್ಕು ಹೋಗಲು ಹೆಚ್ಚು ಹೊತ್ತು ಬೇಕು, ಆದರೆ ಪೆಟ್ಟಿಗೆಗೆ ಹಾನಿಯಿಲ್ಲ. ಫ್ಯಾನು ನಿಧಾನ ತಿರುಗುತ್ತದೆ, ಸೆಕೆ ಹೆಚ್ಚುತ್ತದೆ, ಅಷ್ಟೇ.

ಪಂಪು, ಫ್ರಿಜ್ಜು, ದೋಸೆಹಿಟ್ಟಿನ ಗ್ರೈಂಡರುಗಳ ಮೋಟರು ಹಾಗಲ್ಲ. ಅವುಗಳಿಗೆ ಹೊರೆ ಕಟ್ಟಿಯಾಗಿದೆ. ಬಾವಿಯ ನೀರು ವೋಲ್ಟೇಜು ಇಳಿಯಿತೆಂದು ಹಗುರವಾಗುವುದಿಲ್ಲ. ಕಲ್ಲಿನಡಿಯ ಉದ್ದು ಮೃದುವಾಗುವುದಿಲ್ಲ. ಅದೇ ಹೊರೆಯನ್ನು ಎಳೆಯಬೇಕಾದ ಮೋಟರು ವೋಲ್ಟೇಜಿನ ಕೊರತೆಯನ್ನು ಹೆಚ್ಚು ಪ್ರವಾಹ ಎಳೆದು ತುಂಬಿಸಿಕೊಳ್ಳಲು ಹೆಣಗುತ್ತದೆ. ಪ್ರವಾಹ ಶೇಕಡಾ 20 ಹೆಚ್ಚಿದರೆ ಒಳಗಿನ ಸುರುಳಿಯಲ್ಲಿ ಹುಟ್ಟುವ ಬಿಸಿ ಶೇಕಡಾ 44 ಹೆಚ್ಚುತ್ತದೆ. ಸುರುಳಿಯ ತಾಮ್ರದ ತಂತಿಗೆ ಹಚ್ಚಿದ ತೆಳು ವಾರ್ನಿಶಿನ ಹೊದಿಕೆಯೇ ಮೋಟರಿನ ಪ್ರಾಣ. ಮಿತಿ ಮೀರಿ ಏರಿದ ಪ್ರತಿ 10 ಡಿಗ್ರಿ ಬಿಸಿಗೆ ಆ ಹೊದಿಕೆಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಹಿಡಿದಿರುವ ಅಂದಾಜು.

ಇನ್ನೂ ದೊಡ್ಡ ಅಪಾಯ ಮೋಟರು ಹೊರಡುವ ಕ್ಷಣದ್ದು. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜು ಐದರಲ್ಲಿ ನಾಲ್ಕು ಪಾಲು ಬಂದರೆ ಬಲ ಐದರಲ್ಲಿ ಮೂರು ಪಾಲಿಗೆ ಸ್ವಲ್ಪ ಹೆಚ್ಚು, ಅಂದರೆ ಶೇಕಡಾ 64 ಮಾತ್ರ. ಆಗ ಗ್ರೈಂಡರು "ಗುಂಯ್" ಎಂದು ಗುನುಗುತ್ತ ನಿಂತಲ್ಲೇ ನಿಲ್ಲುತ್ತದೆ. ಹೀಗೆ ಗುನುಗುವ ಮೋಟರು ಸಾಮಾನ್ಯಕ್ಕಿಂತ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತಿರುತ್ತದೆ, ಎಲ್ಲವೂ ಬಿಸಿಯಾಗಿ ಹೋಗುತ್ತದೆ. "ಸ್ವಲ್ಪ ಹೊತ್ತಿನಲ್ಲಿ ತಿರುಗಬಹುದು" ಎಂದು ಕಾಯುವುದು ಮೋಟರನ್ನು ಒಲೆಗೆ ಹಾಕಿದಂತೆ. ಆ ಸದ್ದು ಕೇಳಿದೊಡನೆ ಸ್ವಿಚ್ ತೆಗೆಯಬೇಕು.

ನಮ್ಮದೇ ತಪ್ಪು

ಪಂಪು ಎರಡನೆಯ ಸಲ ಸುಟ್ಟದ್ದು ಮಾರ್ಚ್ ತಿಂಗಳಲ್ಲಿ. ಅಡಕೆ ಮರಕ್ಕೆ ನೀರು ತಪ್ಪಬಾರದ ಕಾಲ. ಮೋಟರನ್ನು ಜೀಪಿನಲ್ಲಿ ಹಾಕಿ ಪೇಟೆಯ ರಿವೈಂಡಿಂಗ್ ಅಂಗಡಿಗೆ ಒಯ್ದೆವು. ಅಂಗಡಿಯವರು ಕವಚ ಬಿಚ್ಚಿ, ಕರಿದ ಹಪ್ಪಳದಂತೆ ಕಪ್ಪಾದ ಸುರುಳಿಯನ್ನು ತೋರಿಸಿ, "ಮನೆಯಿಂದ ಪಂಪಿಗೆ ಎಷ್ಟು ದೂರ?" ಎಂದು ಕೇಳಿದರು. 200 ಮೀಟರ್ ಎಂದೆವು. "ವಯರು ಎಷ್ಟರದ್ದು?" ಒಂದೂವರೆಯದ್ದು ಎಂದೆವು. ಅವರು ನಕ್ಕು, "ಮಾಷ್ಟ್ರೆ, ಕರೆಂಟಿನವರನ್ನು ಬಯ್ಯುವ ಮೊದಲು ಆ ವಯರನ್ನು ಬಯ್ಯಿರಿ" ಎಂದರು.

ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಕುಳಿತೆವು. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ಪ್ರತಿರೋಧ. ಹೋಗುವುದು 200 ಮೀಟರ್, ಮರಳುವುದು 200 ಮೀಟರ್, ಒಟ್ಟು 400. ಪ್ರತಿರೋಧ ಸುಮಾರು 4.8 ಓಮ್. ಒಂದು ಅಶ್ವಶಕ್ತಿಯ ಪಂಪು ಸುಮಾರು 7 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 34 ವೋಲ್ಟ್! ಮನೆಗೆ 210 ಬಂದರೂ ಪಂಪಿಗೆ ತಲಪುವುದು 176. ಹೊರಡುವ ಕ್ಷಣದಲ್ಲಿ ಪ್ರವಾಹ ಹಲವು ಪಟ್ಟು ಹೆಚ್ಚುವುದರಿಂದ ಇಳಿತವೂ ಹಲವು ಪಟ್ಟು. ಓಮನ ನಿಯಮವನ್ನು ವರ್ಷ ವರ್ಷವೂ ಹಲಗೆಯ ಮೇಲೆ ಬರೆಯುವ ನಾವು ನಮ್ಮ ತೋಟದಲ್ಲಿ ಅದನ್ನು ಮರೆತಿದ್ದೆವು. ಸಪೂರ ವಯರು ಕೊಂಡು ಉಳಿಸಿದ ಹಣದ ಮೂರು ಪಟ್ಟು ರಿವೈಂಡಿಂಗಿಗೆ ಹೋಗಿತ್ತು. ಒಂದು ವಾರ ತೋಟ ಒಣಗಿದ ನಷ್ಟ ಬೇರೆ.

ಅದೇ ದೂರಕ್ಕೆ 2.5 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 21 ವೋಲ್ಟ್, 4ರದ್ದಾದರೆ 13 ವೋಲ್ಟ್. ನಾವು 4ರ ವಯರು ಎಳೆಸಿದೆವು. ನೀರು ಬಿಡುವ ಹೊತ್ತನ್ನೂ ಸಂಜೆಯಿಂದ ಬೆಳಗಿನ ಜಾವಕ್ಕೆ ಬದಲಾಯಿಸಿದೆವು. ಅಂದಿನಿಂದ ಇಂದಿನ ತನಕ ಆ ಮೋಟರು ರಿವೈಂಡಿಂಗ್ ಅಂಗಡಿಯ ಮುಖ ಕಂಡಿಲ್ಲ.

ಫ್ರಿಜ್ಜಿನ ಮೂರು ನಿಮಿಷ

ಫ್ರಿಜ್ಜಿನ ಕಂಪ್ರೆಸರಿನೊಳಗೆ ಇರುವುದೂ ಇಂತಹ ಮೋಟರೇ. ಅದು ಅನಿಲವನ್ನು ಅದುಮುತ್ತಿರುವಾಗ ಕರೆಂಟು ಹೋಯಿತೆನ್ನಿ. ಒಂದು ಬದಿಯಲ್ಲಿ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ಎರಡೂ ಸಮವಾಗಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ಕರೆಂಟು ಮರಳಿ ಬಂದರೆ ಮೋಟರು ಆ ಒತ್ತಡದ ಎದುರು ಹೊರಡಲಾರದೆ ಗುನುಗುತ್ತದೆ. ಬೆನ್ನ ಹಿಂದೆ "ಟಿಕ್" ಎಂಬ ಸದ್ದು ಕೇಳುತ್ತದೆ. ರಕ್ಷಣೆಗಾಗಿ ಇಟ್ಟ ಸಣ್ಣ ಸಾಧನ ಪ್ರವಾಹವನ್ನು ಕಡಿದ ಸದ್ದು ಅದು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಆಟವಾಡುವ ದಿನಗಳಲ್ಲಿ ಈ ಪೆಟ್ಟು ಮತ್ತೆ ಮತ್ತೆ ಬೀಳುತ್ತದೆ.

ಉಪಾಯ ಸುಲಭ. ಕರೆಂಟು ಹೋದಾಗ ಫ್ರಿಜ್ಜಿನ ಸ್ವಿಚ್ ತೆಗೆದು, ಬಂದ ಮೇಲೆ ಮೂರರಿಂದ ಐದು ನಿಮಿಷ ಬಿಟ್ಟು ಹಾಕುವುದು. ಮನೆಯಲ್ಲಿ ಅಮ್ಮನಿಗೋ ಅಪ್ಪನಿಗೋ ಇನ್ಸುಲಿನ್ ಇಟ್ಟಿರುವ ಫ್ರಿಜ್ಜಾದರೆ ಈ ಎಚ್ಚರ ಇನ್ನೂ ಅಗತ್ಯ.

ಈಗಿನ ದೀಪಗಳು

ಕಾಸರಗೋಡು ಜಿಲ್ಲೆಯ ಪಿಲಿಕೋಡು ಪಂಚಾಯತು 2020ರಲ್ಲಿ ತಂತಿಯ ಬಲ್ಬನ್ನು ಪೂರ್ತಿ ಬಿಟ್ಟುಕೊಟ್ಟ ಪಂಚಾಯತೆಂದು ಹೆಸರು ಪಡೆಯಿತು. ಈಗ ಹೆಚ್ಚಿನ ಮನೆಗಳಲ್ಲಿ ಎಲ್‌ಇಡಿ ಉರಿಯುತ್ತದೆ. ಇದರೊಳಗೆ ಸಣ್ಣ ವಿದ್ಯುನ್ಮಾನ ಸರ್ಕ್ಯೂಟು ಇದ್ದು, ಒಳ್ಳೆಯ ಬಲ್ಬಿನಲ್ಲಿ ಅದು ವೋಲ್ಟೇಜಿನ ಏರಿಳಿತವನ್ನು ತಾನೇ ನುಂಗಿಕೊಂಡು ಬೆಳಕನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಬಲ್ಬಿನ ಮೈಮೇಲೆ 100ರಿಂದ 300 ವೋಲ್ಟ್ ಎಂಬಂತಹ ಬರಹವಿದ್ದರೆ ಅದು ಈ ಗುಣವನ್ನು ಸೂಚಿಸುತ್ತದೆ. ತೀರಾ ಅಗ್ಗದ ಬಲ್ಬುಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ವೋಲ್ಟೇಜು ಏರಿದೊಡನೆ ಒಳಗಿನ ಪ್ರವಾಹವೂ ಏರಿ, ಬೇಗ ಮಂಕಾಗುತ್ತವೆ, ಮಿನುಗತೊಡಗುತ್ತವೆ.

ಎಲ್‌ಇಡಿಯ ನಿಜವಾದ ಶತ್ರುಗಳು ಬಿಸಿ ಮತ್ತು ಸಿಡಿಲು. ಗಾಳಿಯಾಡದ ಗಾಜಿನ ಗೂಡಿನೊಳಗೆ ಹಾಕಿದರೆ ಸರ್ಕ್ಯೂಟಿನ ಕೆಪಾಸಿಟರು ಬೆಂದು, ದೀಪ ಕೊಡುವ ಚಿಪ್ಪು ಸರಿಯಿದ್ದರೂ ಬಲ್ಬು ಸಾಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ, ತುಲಾ ಮಾಸದ ಸಿಡಿಲಿಗೆ ಟಿವಿ, ಇಂಟರ್ನೆಟ್ಟಿನ ಪೆಟ್ಟಿಗೆಗಳ ಪ್ಲಗ್ಗನ್ನು ಕಿತ್ತಿಡುವುದೇ ಅಗ್ಗದ ವಿಮೆ. ಸ್ವಿಚ್ ತೆಗೆದರೆ ಸಾಲದು. ಸಿಡಿಲಿಗೆ ಸ್ವಿಚ್ಚಿನ ಎಡೆ ಒಂದು ಎಡೆಯೇ ಅಲ್ಲ.

ಸ್ಟೆಬಿಲೈಜರ್ ಯಾರಿಗೆ?

ಕೇರಳಕ್ಕೂ ಸ್ಟೆಬಿಲೈಜರಿಗೂ ಹಳೆಯ ನಂಟು. ಇಂದು ದೊಡ್ಡ ಕಂಪೆನಿಯಾಗಿರುವ ವಿ-ಗಾರ್ಡ್ 1977ರಲ್ಲಿ ಕೊಚ್ಚಿಯಲ್ಲಿ ಆರಂಭವಾದದ್ದೇ ಸ್ಟೆಬಿಲೈಜರ್ ತಯಾರಿಕೆಯಿಂದ. ಅಂದಿನ ವೋಲ್ಟೇಜಿನ ಪಾಡು ಹೇಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಸ್ಟೆಬಿಲೈಜರ್ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. 170 ವೋಲ್ಟನ್ನು 220 ಮಾಡಿ ಕೊಡುವಾಗ ಅದು ಲೈನಿನಿಂದ ಹೆಚ್ಚು ಪ್ರವಾಹ ಎಳೆಯುತ್ತದೆ. ಲೈನಿನ ಎಲ್ಲ ಮನೆಗಳೂ ಹೀಗೆ ಎಳೆದರೆ ತುದಿಯ ಮನೆಗೆ ಇನ್ನೂ ಕಡಿಮೆಯಾಗುತ್ತದೆ. ಆದುದರಿಂದ ಬೇಕಾದಲ್ಲಿ ಮಾತ್ರ ಬಳಸುವುದು ಲೇಸು. ಇಂದಿನ ಟಿವಿ, ಮೊಬೈಲ್ ಚಾರ್ಜರು, ಕಂಪ್ಯೂಟರುಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟಿನ ನಡುವೆ ಎಲ್ಲಿದ್ದರೂ ನಡೆಯುತ್ತವೆ. ಹಿಂಬದಿಯ ಚೀಟಿಯಲ್ಲಿ ಇದು ಬರೆದಿರುತ್ತದೆ. ನಮ್ಮಲ್ಲಿ ಅನೇಕರು ಟಿವಿಗೆ ಸ್ಟೆಬಿಲೈಜರ್ ಹಾಕಿ, ಫ್ರಿಜ್ಜನ್ನು ನೇರ ಗೋಡೆಗೆ ಚುಚ್ಚಿರುತ್ತಾರೆ. ನಾವೂ ಬಹುಕಾಲ ಹಾಗೆಯೇ ಮಾಡಿದ್ದೆವು. ಹಣ ಒಂದಕ್ಕೇ ಸಾಲುವುದಾದರೆ ಅದು ಫ್ರಿಜ್ಜಿಗೆ ಸಲ್ಲಬೇಕು. ಕೊಳ್ಳುವಾಗ ಕರೆಂಟು ಬಂದ ಮೇಲೆ ಕೆಲವು ನಿಮಿಷ ತಡೆದು ಕೊಡುವ ಬಗೆಯದ್ದನ್ನೇ ಕೇಳಿ ಕೊಳ್ಳಬೇಕು.

ನ್ಯೂಟ್ರಲ್ ಕಡಿದರೆ

ಎಲ್ಲಕ್ಕಿಂತ ಘೋರವಾದ ಒಂದು ಸಂದರ್ಭವನ್ನು ಇಲ್ಲಿ ಹೇಳಲೇಬೇಕು. ಲೈನಿನಲ್ಲಿ ಮೂರು ಫೇಸುಗಳಿವೆ, ಒಂದು ನ್ಯೂಟ್ರಲ್ ಇದೆ. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್; ಎರಡು ಫೇಸುಗಳ ನಡುವೆ ಸುಮಾರು 400. ತೆಂಗಿನ ಮಡಲು ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಅದರಿಂದ ಆಚೆಯ ಮನೆಗಳು ಎರಡು ಫೇಸುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಹೆಚ್ಚು ಸಾಮಾನು ನಡೆಯುತ್ತಿರುವ ಮನೆಗೆ ವೋಲ್ಟೇಜು ಕುಸಿಯುತ್ತದೆ. ಒಂದೆರಡು ದೀಪ ಮಾತ್ರ ಇರುವ ಮನೆಗೆ 300ನ್ನೂ ದಾಟಿ ಏರಬಹುದು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಲ್ಬು, ಫ್ಯಾನು, ಟಿವಿ, ಫ್ರಿಜ್ಜು ಒಟ್ಟಿಗೇ ಹೋಗುತ್ತವೆ.

ಇದಕ್ಕೆ ಲಕ್ಷಣವುಂಟು. ದೀಪ ಹಠಾತ್ತನೆ ಕಣ್ಣು ಕೋರೈಸುವಂತೆ ಉರಿದರೆ, ಫ್ಯಾನು ತಾನಾಗಿ ಓಡತೊಡಗಿದರೆ, ಒಂದು ಸಾಮಾನು ಹಾಕಿದಾಗ ದೀಪ ಮಂಕಾಗುವ ಬದಲು ಏರಿಳಿದು ಕುಣಿದರೆ, ಯೋಚಿಸುತ್ತ ನಿಲ್ಲಬಾರದು. ಮೊದಲು ಮೈನ್ ಸ್ವಿಚ್ ತೆಗೆಯಬೇಕು. ಬಳಿಕ ಸೆಕ್ಷನ್ ಆಫೀಸಿಗೋ 1912 ಎಂಬ ನಂಬ್ರಕ್ಕೋ ತಿಳಿಸಬೇಕು. ಕಡಿದು ಬಿದ್ದ ತಂತಿ ಯಾವುದೇ ಆಗಿರಲಿ, ಅದರ ಹತ್ತಿರ ಮಕ್ಕಳನ್ನೂ ದನಕರುಗಳನ್ನೂ ಬಿಡಬಾರದು.

ಕೊನೆಗೆ ಎರಡು ಮಾತು

ವೋಲ್ಟೇಜಿನ ಬಗ್ಗೆ ದೂರು ಕೊಡುವಾಗ "ಕರೆಂಟು ಸರಿಯಿಲ್ಲ" ಎಂದಷ್ಟೇ ಹೇಳಿದರೆ ಕೇಳುವವರಿಗೂ ಏನೂ ತೋಚದು. ಕೆಲವು ನೂರು ರೂಪಾಯಿಗೆ ಸಿಗುವ ಮೀಟರೊಂದನ್ನು ನಾಲ್ಕು ಮನೆಯವರು ಸೇರಿ ಕೊಳ್ಳಬಹುದು. ಒಂದು ವಾರ ಬೆಳಗ್ಗೆ ಆರಕ್ಕೆ, ಸಂಜೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ ವೋಲ್ಟೇಜು ಎಷ್ಟಿತ್ತೆಂದು ಮಕ್ಕಳ ಕೈಯಲ್ಲಿ ಬರೆಸಿಡಿ. ಮೀಟರಿನ ಕಡ್ಡಿಗಳನ್ನು ಪ್ಲಗ್ಗಿಗೆ ಹಿಡಿಯುವ ಕೆಲಸ ಮಾತ್ರ ದೊಡ್ಡವರದ್ದೇ ಇರಲಿ. ಆ ಒಂದು ಹಾಳೆ ಹತ್ತು ಜನರ ಕೂಗಾಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಟ್ರಾನ್ಸ್‌ಫಾರ್ಮರಿನ ಮಟ್ಟ ಬದಲಿಸಬೇಕೋ, ಒಂದೇ ಫೇಸಿಗೆ ಹೆಚ್ಚು ಮನೆಗಳು ಸೇರಿವೆಯೋ, ಸರ್ವೀಸ್ ವಯರಿನ ಜೋಡಣೆ ಸಡಿಲವೋ ಎಂಬುದು ಅದರಿಂದ ಗೊತ್ತಾಗುತ್ತದೆ. ಮಕ್ಕಳಿಗೂ ವಿಭವಾಂತರ ಎಂಬ ಪದ ಬಾಯಿಪಾಠದಿಂದ ಬಿಡುಗಡೆ ಹೊಂದುತ್ತದೆ.

ಮೇಲಿನ ಮನೆಯ ಹಿರಿಯರಿಗೆ ಈ ಲೆಕ್ಕವನ್ನೆಲ್ಲ ಒಂದು ದಿನ ವಿವರಿಸಿದೆವು. ಅವರು ಸಮಾಧಾನದಿಂದ ಕೇಳಿ, "ಹಾಗಾದರೆ ಮಾಷ್ಟ್ರೆ, ನಮ್ಮಲ್ಲಿ ಹೆಚ್ಚಾದದ್ದನ್ನು ನಿಮ್ಮಲ್ಲಿಗೆ ಕಳುಹಿಸಿದರೆ ಇಬ್ಬರಿಗೂ ಸುಖ ಅಲ್ಲವೋ?" ಎಂದರು. ತಮಾಷೆಗೆ ಹೇಳಿದ ಮಾತು. ಆದರೆ ದಪ್ಪ ತಂತಿ, ಹತ್ತಿರದ ಟ್ರಾನ್ಸ್‌ಫಾರ್ಮರು ಎಂದರೆ ಅದಲ್ಲದೆ ಬೇರೇನು? ನಾಲ್ಕು ವರ್ಷಗಳ ಬಳಿಕ ಗದ್ದೆಯ ಬದಿಯಲ್ಲಿ ಇನ್ನೊಂದು ಟ್ರಾನ್ಸ್‌ಫಾರ್ಮರು ನಿಂತಿತು. ಈಗ ಸಂಜೆ ಏಳಕ್ಕೆ ನಮ್ಮಲ್ಲಿ 220 ವೋಲ್ಟ್ ಇರುತ್ತದೆ. ಅಂದು ಕೊಟ್ಟ ಅರ್ಜಿಗೆ ಮೊದಲ ಸಹಿ ಹಾಕಿದವರು ಆ ಹಿರಿಯರೇ.